ಮಾತು ಬಿಟ್ಟವರು ಕಟ್ಟಿದ ಇಂಜಿನ್

ನನ್ನ ಲೇತ್ ಅಂಗಡಿಗೂ ಪಕ್ಕದ ಗ್ಯಾರೇಜಿಗೂ ನಡುವೆ ಒಂದೇ ತಗಡಿನ ಗೋಡೆ. ಆ ಕಡೆ ಸ್ಪ್ಯಾನರ್ ಕೆಳಗೆ ಬಿದ್ದರೆ ಅದು ದೊಡ್ಡದೋ ಚಿಕ್ಕದೋ ಎಂದು ಈ ಕಡೆ ಕುಳಿತೇ ಹೇಳುತ್ತೇನೆ. ಗಂಡ ಹೆಂಡತಿ ವಾದಕ್ಕೆ ಬಿದ್ದರೆ ಯಾರು ಗೆದ್ದರು ಎಂಬುದೂ ತಿಳಿಯುತ್ತದೆ. ಸಾಮಾನ್ಯವಾಗಿ ಹೆಂಡತಿ. ಹಾಗಾಗಿ ಆ ಹೆಂಡತಿಯ, ಅಂದರೆ ವೈರ್ ಅಕ್ಕನ, ವಿಷಯ ಬರೆಯುವ ಹಕ್ಕು ಈ ಬೀದಿಯಲ್ಲಿ ಮೊದಲು ನನ್ನದು. ಶಾಲೆಯ ಬೆಂಚು ಸವೆಸಿದವರು ಬರೆಯಲಿ ಎಂದು ಇಷ್ಟು ಕಾಲ ಕಾದೆ. ಅವರು ಕಾರು ಬಿಟ್ಟು ಹೋಗುತ್ತಾರೆ, ಕಾರು ತೆಗೆದುಕೊಂಡು ಹೋಗುತ್ತಾರೆ, ಅಷ್ಟೇ. ನಾನು ಅಂಗಡಿ ಬೋರ್ಡುಗಳನ್ನು ನೋಡಿ ಅಕ್ಷರ ಕಲಿತವನು. ಬರಹ ಒರಟಾದರೂ ಅಳತೆ ತಪ್ಪುವುದಿಲ್ಲ.

ವೈರ್ ಅಕ್ಕ ನನಗಿಂತ ಎಷ್ಟೋ ಚಿಕ್ಕವಳು. ಆದರೂ ಬೀದಿಗೆಲ್ಲ ಅಕ್ಕನಾದವಳು ನನಗೂ ಅಕ್ಕನೇ. ಕುಳ್ಳಗೆ ಗುಂಡುಕಲ್ಲಿನಂಥ ಮೈಕಟ್ಟು. ಗಂಡನ ಹಳೆಯ ಖಾಕಿ ಅಂಗಿಯನ್ನು ಮೇಲೆ ತೊಟ್ಟು, ತೋಳು ಮಡಚಿ, ಕೂದಲನ್ನು ಕೆಂಪು ವೈರಿನ ತುಂಡಿನಿಂದ ಬಿಗಿದು ಕಟ್ಟಿ ಬಾನೆಟ್ಟಿನೊಳಗೆ ತಲೆ ತೂರಿಸಿದಳೆಂದರೆ ಹೊರಗೆ ಗುಡುಗಿದರೂ ಅವಳಿಗೆ ಕೇಳಿಸದು. ಗ್ಯಾರೇಜಿನ ಹಿಂದೆಯೇ ಅವರ ಮನೆ. ಅಡುಗೆಮನೆಯ ಕಿಟಕಿ ಗ್ಯಾರೇಜಿನೊಳಕ್ಕೇ ತೆರೆಯುತ್ತದೆ. ಒಲೆಯ ಮೇಲೆ ಅನ್ನ ಬೇಯುವಾಗ ಆ ಕಿಟಕಿಯ ಕಟ್ಟೆಯ ಮೇಲೆ ಹಾರ್ನ್ ಬಿಚ್ಚಿಟ್ಟುಕೊಂಡು ಕುಳಿತಿರುತ್ತಾಳೆ. ಅನ್ನ ಎಂದೂ ತಳ ಹತ್ತಿಲ್ಲ, ಹಾರ್ನ್ ಎಂದೂ ಮೂಕವಾಗಿ ಉಳಿದಿಲ್ಲ.

ಅವಳ ಅಪ್ಪ ಬ್ಯಾಟರಿಗೆ ಚಾರ್ಜ್ ಹಾಕುವ ಅಂಗಡಿ ಇಟ್ಟಿದ್ದವರು. ಗುಳುಗುಳು ಎನ್ನುವ ಬ್ಯಾಟರಿಗಳ ಸಾಲಿನ ಪಕ್ಕದಲ್ಲೇ ಇವಳು ಬೆಳೆದದ್ದು. ಲಂಗದ ತುಂಬ ಆಸಿಡ್ ಬಿದ್ದ ತೂತು. ಅಣ್ಣನೊಬ್ಬನಿದ್ದ. ಅವನಿಗೆ ಕುಳಿತು ಮಾಡುವ ಕೆಲಸ ಎಂದರೆ ಮುಳ್ಳಿನ ಮೇಲೆ ಕೂರಿಸಿದ ಹಾಗೆ, ಗಾಲಿ ಉರುಳುವುದನ್ನು ಕಂಡರೆ ಹಿಂದೆಯೇ ಓಟ. ಅಪ್ಪನ ಕೈಗೆ ಮಗ ಸಿಗಲಿಲ್ಲ, ಮಗಳು ಸಿಕ್ಕಿದಳು. ಮೀಟರ್ ಮುಟ್ಟುವ ಮೊದಲು ಬ್ಯಾಟರಿಯ ಮುಖ ನೋಡು ಎಂದು ಅವರು ಕಲಿಸಿದ್ದರಂತೆ. ಇಂದಿಗೂ ಅವಳು ಮೊದಲು ನೋಡುತ್ತಾಳೆ, ಆಮೇಲೆ ಮೂಸುತ್ತಾಳೆ, ಕೊನೆಗೆ ಮುಟ್ಟುತ್ತಾಳೆ.

ಗ್ಯಾರೇಜಿನ ಮೇಸ್ತ್ರಿಯನ್ನು ಮದುವೆಯಾಗಿ ಬಂದ ಹೊಸತರಲ್ಲಿ ಅಲ್ಲಿ ಒಂದು ಲಾರಿ ನಿಂತಿತ್ತು. ಹಾರ್ನ್ ಒತ್ತಿದರೆ ವೈಪರ್ ಆಡುತ್ತಿತ್ತು, ಬ್ರೇಕ್ ತುಳಿದರೆ ಹೆಡ್‌ಲೈಟು ಮಂಕಾಗುತ್ತಿತ್ತು. ಮೇಸ್ತ್ರಿ ಇಂಜಿನ್ನಿನಲ್ಲಿ ಹುಲಿ, ವೈರಿನಲ್ಲಿ ಒದ್ದೆಯಾದ ಬೆಕ್ಕು. ಬೆವರು ಒರೆಸಿಕೊಳ್ಳುತ್ತ ಒದ್ದಾಡುತ್ತಿದ್ದ. ಟೀ ತಂದ ಹೊಸ ಹೆಂಡತಿ ಲೋಟ ಕೈಯಲ್ಲಿ ಹಿಡಿದೇ ಸ್ವಲ್ಪ ಹೊತ್ತು ನೋಡಿ, "ಅರ್ತ್ ವೈರ್ ಬಣ್ಣದ ಮೇಲೆ ಕೂರಿಸಿದ್ದೀರಲ್ಲಾ, ಕರೆಂಟು ಹೇಗೆ ಹರಿಯತ್ತೆ? ಕೆರೆದು ಕೂರಿಸಿ" ಎಂದಳು. ಕೆರೆದು ಕೂರಿಸಿದ. ಲಾರಿಗೆ ಬುದ್ಧಿ ಬಂತು. ಅಂದಿನಿಂದ ಗ್ಯಾರೇಜಿಗೆ ಇಬ್ಬರು ಯಜಮಾನರು.

ಇಬ್ಬರು ಯಜಮಾನರಿದ್ದ ಕಡೆ ಗಡಿ ಬೇಕಾಗುತ್ತದೆ. ಅದೂ ಬಂತು. ಒಮ್ಮೆ ಅಕ್ಕ ತವರಿಗೆ ಹೋಗಿದ್ದಾಗ ಮೇಸ್ತ್ರಿ ಸಹಾಯ ಮಾಡುತ್ತೇನೆಂದು ಒಂದು ಕಾರಿನಲ್ಲಿ ಅವಳು ಅರ್ಧಕ್ಕೆ ಬಿಟ್ಟಿದ್ದ ಎರಡು ವೈರು ಹೊಸೆದು ಸೇರಿಸಿದ. ಡ್ಯಾಶ್‌ಬೋರ್ಡಿನ ಅಡಿಯಿಂದ ಹೊಗೆ ಎದ್ದು ವೈರಿನ ಕಟ್ಟೆಲ್ಲ ಕರಗಿ ಹೋಯಿತು. ಬಂದವಳು ಕೂಗಾಡಲಿಲ್ಲ. ಸೊಂಟದ ಮೇಲೆ ಕೈ ಇಟ್ಟು ತಣ್ಣಗೆ ಹೇಳಿದ್ದನ್ನು ನಾನು ತಗಡಿನ ಈ ಕಡೆಯಿಂದ ಕೇಳಿಸಿಕೊಂಡೆ.

"ನೋಡ್ರೀ, ಇಂಜಿನ್ ನಿಮ್ದು, ವೈರ್ ನಂದು. ಇನ್ನೊಂದ್ಸಲ ನನ್ನ ವೈರ್ ಮುಟ್ಟಿದ್ರೆ ನಿಮ್ಮ ಇಂಜಿನ್ನಿಗೆ ಸಕ್ಕರೆ ಸುರೀತೀನಿ."

ಆಮೇಲೆ ಅದೇ ಕಾನೂನು. ಅವಳು ಕೈ ಒರೆಸುವ ಚಿಂದಿ ಹಳದಿ, ಅವನದು ಎಣ್ಣೆ ಕುಡಿದು ಕಪ್ಪಾದದ್ದು. ಬಾನೆಟ್ಟಿನ ಕೆಳಗೆ ಎಲ್ಲಿ ಹಳದಿ ಚಿಂದಿ ಮುಚ್ಚಿದೆಯೋ ಅಲ್ಲಿ ಮೇಸ್ತ್ರಿ ಕೈ ಹಾಕುವಂತಿಲ್ಲ. ಕಪ್ಪು ಚಿಂದಿ ಇದ್ದಲ್ಲಿ ಅಕ್ಕನೂ ಹಾಕುವುದಿಲ್ಲ.

ಗಡಿಯ ಮೇಲೆ ಸರಿಯಾಗಿ ಕುಳಿತಿರುವ ಸಾಮಾನು ಒಂದೇ. ಡಿಸ್ಟ್ರಿಬ್ಯೂಟರ್. ಹಳೆಯ ಕಾರುಗಳಲ್ಲಿ ಒಂದೊಂದು ಸಿಲಿಂಡರಿಗೂ ಸರದಿಯಂತೆ ಕಿಡಿ ಹಂಚುವ ಡಬ್ಬಿ ಅದು. ಬುಡ ಇಂಜಿನ್ನಿನ ಹಲ್ಲಿಗೆ ಕಚ್ಚಿಕೊಂಡು ತಿರುಗುತ್ತದೆ, ತಲೆಯಿಂದ ವೈರುಗಳು ಹೊರಡುತ್ತವೆ. ಕಾನೂನಿನ ಪ್ರಕಾರ ಅದನ್ನು ಇಂಜಿನ್ನಿನ ತೂತಿನೊಳಗೆ ಇಳಿಸಿ ಕೂರಿಸುವವಳು ಅಕ್ಕ, ಇಳಿಸುವ ಗಳಿಗೆ ಹೇಳುವವನು ಮೇಸ್ತ್ರಿ. ಪಿಸ್ಟನ್ ಒಂದು ಸರದಿಯಲ್ಲಿ ಎರಡು ಸಲ ಮೇಲಕ್ಕೆ ಬರುತ್ತದೆ. ಒಂದು ಸಲ ಪೆಟ್ರೋಲಿನ ಆವಿಯನ್ನು ಅದುಮಿ ಹಿಡಿದು, ಇನ್ನೊಂದು ಸಲ ಸುಟ್ಟ ಹೊಗೆಯನ್ನು ಹೊರಕ್ಕೆ ತಳ್ಳಿ. ಕಿಡಿ ಬೀಳಬೇಕಾದದ್ದು ಅದುಮಿದಾಗ. ಇಂಜಿನ್ನಿನ ಮುಂದಿನ ಚಕ್ರದ ಮೇಲಿನ ಗುರುತು ಎರಡು ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುವುದರಿಂದ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರೆ ಅದುಮಿದ ಗಾಳಿ ಬೆರಳನ್ನು ಹೊರಕ್ಕೆ ನೂಕುತ್ತದೆ. ಮೇಸ್ತ್ರಿ ಹಾಗೆ ಬೆರಳಿಟ್ಟು ನೋಡಿ, "ಒಂದು ಮೇಲೆ!" ಎಂದು ಕೂಗುತ್ತಿದ್ದ, ಒಂದನೇ ಪಿಸ್ಟನ್ ಮೇಲೆ ಬಂದಿದೆ ಎಂದು. "ಬಂದೆ!" ಎಂದು ಅಕ್ಕ ಅಡುಗೆಮನೆಯಿಂದಲೇ ಉತ್ತರ ಕೊಟ್ಟು ಓಡಿ ಬಂದು ಡಬ್ಬಿ ಇಳಿಸುತ್ತಿದ್ದಳು. ಬೀದಿಯವರಿಗೆಲ್ಲ ಆ ಕೂಗು ಪರಿಚಯ.

ಇನ್ನು ಅಕ್ಕನ ಅಣ್ಣ. ಗಾಲಿಯ ಹಿಂದೆ ಓಡಿದ ಹುಡುಗ ಡ್ರೈವರ್ ಆದ. ಉದ್ದನೆಯ ಆಳು, ಅದಕ್ಕಿಂತ ಉದ್ದ ಮೀಸೆ, ಎರಡಕ್ಕಿಂತ ಉದ್ದ ನಾಲಿಗೆ. ಬದುಕಿಡೀ ಇನ್ನೊಬ್ಬರ ಕಾರು ಓಡಿಸಿದವನು. ಅವರ ಕಾರನ್ನು ಅವರ ಶೆಡ್ಡಿನಲ್ಲಿ ತೊಳೆದು ನಿಲ್ಲಿಸಿ ತಾನು ಮನೆಗೆ ನಡೆದು ಹೋಗುತ್ತಿದ್ದ. ತಲೆ ನರೆತ ಮೇಲೆ ಒಂದು ಹಳೆಯ ಕಾರು ಅವನ ಸ್ವಂತದ್ದಾಯಿತು. ಅದೇ ಸಮಯಕ್ಕೆ ಊರಾಚೆಯ ನೂಲಿನ ಗಿರಣಿಯಲ್ಲಿ ಕಚೇರಿಯವರನ್ನು ದಿನಾ ಕರೆತಂದು ಬಿಡಲು ಬಾಡಿಗೆ ಕಾರು ಬೇಕಾಗಿತ್ತು. ಸೋಮವಾರ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಕಾರು ತಂದು ತೋರಿಸಬೇಕು, ಬರದಿದ್ದರೆ ಹಿಂದೆ ನಿಂತವನಿಗೆ ಕೆಲಸ ಎಂದು ಗಿರಣಿಯವರು ಖಡಾಖಂಡಿತ ಹೇಳಿದ್ದರು. ಅವನ ವಯಸ್ಸಿನವನನ್ನು ಇನ್ನು ಯಾರೂ ಡ್ರೈವರಾಗಿ ಇಟ್ಟುಕೊಳ್ಳುತ್ತಿರಲಿಲ್ಲ. ಇದು ಕೈ ತಪ್ಪಿದರೆ ಮನೆಯಲ್ಲಿ ಕುಳಿತು ಗೋಡೆ ನೋಡುವುದೇ ಗತಿ. ಅಷ್ಟರಲ್ಲಿ ಅವನು ಇಂಜಿನ್ ತಣಿಸುವ ನೀರು ಸೋರಿ ಆರಿದ್ದನ್ನು ಗಮನಿಸದೆ ಓಡಿಸಿ ಇಂಜಿನ್ ಸುಟ್ಟುಕೊಂಡಿದ್ದ.

ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಮೇಸ್ತ್ರಿ ಹೆಡ್ ಬಿಚ್ಚಿದ, ಕೆಟ್ಟು ಹೋದ ರಿಂಗುಗಳನ್ನು ತೆಗೆದ, ಹೆಡ್ಡಿನ ಮುಖವನ್ನು ನಾನೇ ನಯ ಮಾಡಿಕೊಟ್ಟೆ. ಎಲ್ಲ ಚೆನ್ನಾಗಿಯೇ ಸಾಗಿತ್ತು. ವಾರದ ನಡುವೆ ಮೇಸ್ತ್ರಿಯ ಬಾಯಿ ಜಾರಿತು.

"ಕುದಿಯೋ ಇಂಜಿನ್ ಇಟ್ಕೊಂಡು ಹಾಡು ಹೇಳ್ತಾ ಓಡಿಸಿದಾನೆ ನಿಮ್ಮಣ್ಣ. ಬಿಸಿ ತೋರಿಸೋ ಮೀಟರ್ ಅನ್ನೋದು ಮುಂದೆ ಅಂದಕ್ಕೆ ಇಟ್ಟಿದಾರಾ? ನಿಮ್ಮ ವಂಶಕ್ಕೇ ಕಣ್ಣಿಲ್ಲ ಕಣೇ."

ಅಣ್ಣನನ್ನು ಅಂದಿದ್ದರೆ ಅಕ್ಕ ಜೊತೆಗೆ ಎರಡು ಮಾತು ಸೇರಿಸುತ್ತಿದ್ದಳೋ ಏನೋ. ವಂಶ ಎಂದಾಗ ಅದರಲ್ಲಿ ಅಪ್ಪನೂ ಬಂದರಲ್ಲ. ಅವಳು ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದಳು. ಅಂದಿನಿಂದ ಮಾತು ಬಂದ್. ಅವನೂ ಕಡಿಮೆಯವನಲ್ಲ, ಮುಖ ಊದಿಸಿಕೊಂಡ. ಊಟದ ತಟ್ಟೆ ಇಡುವ ಸದ್ದು, ಸ್ಪ್ಯಾನರ್ ಸದ್ದು ಬಿಟ್ಟರೆ ತಗಡಿನ ಆ ಕಡೆ ಬೇರೇನೂ ಇಲ್ಲ. ಶನಿವಾರ ಸಂಜೆಯ ಹೊತ್ತಿಗೆ ಇಬ್ಬರೂ ಸೇರಿ, ಸೇರದೆ, ಇಂಜಿನ್ನನ್ನು ಪೂರ್ತಿ ಕಟ್ಟಿ ನಿಲ್ಲಿಸಿದ್ದರು.

ಭಾನುವಾರ ಬೆಳಿಗ್ಗೆ ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಅವನೂ ಮೇಸ್ತ್ರಿಯೂ ಒಬ್ಬರನ್ನೊಬ್ಬರು ಭಾವ ಎನ್ನುತ್ತಾರೆ. ಇಬ್ಬರಲ್ಲಿ ಯಾರು ಹಿರಿಯ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

"ಏನ್ ಭಾವ, ನನ್ನ ಕುದುರೆ ಹೇಗಿದೆ?" ಎಂದು ಅಣ್ಣ ಸೀಟಿನಲ್ಲಿ ಕುಳಿತು ಬೀಗದ ಕೈ ತಿರುಗಿಸಿದ.

ಸೆಲ್ಫ್ ಮೋಟಾರು ಜೋರಾಗಿ ತಿರುಗಿತು. ಗರಗರ ಗರಗರ. ಅಷ್ಟೇ. ಮತ್ತೆ ತಿರುಗಿಸಿದ. ಗರಗರ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಒಂದು ಸಲ ಸೀನಿತು. ಹೊತ್ತಿಕೊಳ್ಳಲಿಲ್ಲ.

"ಹೊಸ ಇಂಜಿನ್, ಸ್ವಲ್ಪ ಬಿಗಿ ಇರತ್ತೆ. ತಡೀ ಭಾವ" ಎಂದು ಮೇಸ್ತ್ರಿ ಬಾನೆಟ್ ಎತ್ತಿದ.

ನನ್ನ ಅಂಗಡಿಗೆ ಅಂದು ರಜೆ. ಸದ್ದು ಕೇಳಿ ನಾನೂ ಹೋಗಿ ನಿಂತೆ. ಹೋಗಬಾರದಿತ್ತು. ಹೋದ ಕೂಡಲೇ ಗಂಡ ಹೆಂಡತಿ ನನ್ನನ್ನು ಅಂಚೆಯಣ್ಣನನ್ನಾಗಿ ಮಾಡಿಕೊಂಡರು. ನನ್ನ ವಯಸ್ಸು ನೋಡಿ ಇಬ್ಬರೂ ನನ್ನನ್ನು ಮಾವ ಎನ್ನುತ್ತಾರೆ.

"ಮಾವ, ಪೆಟ್ರೋಲ್ ಬರ್ತಿದೆ, ಕಿಡಿ ನೋಡ್ಕೊಳ್ಳೋಕೆ ಹೇಳಿ ಅವಳಿಗೆ" ಎಂದ ಮೇಸ್ತ್ರಿ. ಅವಳು ಅವನಿಂದ ಮೊಳ ದೂರದಲ್ಲಿ ನಿಂತಿದ್ದಳು.

ಅಕ್ಕ ಒಂದು ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ ಇಂಜಿನ್ನಿನ ಮೈಗೆ ತಾಗಿಸಿ ಹಿಡಿದಳು. ಅಣ್ಣ ಸೆಲ್ಫ್ ಹೊಡೆದ. ನೀಲಿ ಕಿಡಿ ಚಟಚಟ ಹಾರಿತು. "ಮಾವ, ಕಿಡಿ ಇದೆ, ಕಣ್ಣಿದ್ದವರು ನೋಡ್ಕೋಬಹುದು ಅಂತ ಹೇಳಿ" ಎಂದಳು. ಕಣ್ಣು ಎಂಬ ಮಾತಿಗೆ ಒಂದಿಷ್ಟು ಉಪ್ಪು ಖಾರ ಜಾಸ್ತಿಯೇ ಬಿತ್ತು.

"ಕಂಪ್ರೆಷನ್ನೂ ಇದೆ ಅನ್ನಿ ಮಾವ. ನಾನು ಕಟ್ಟಿದ ಇಂಜಿನ್ನು."

"ಬ್ಯಾಟರಿ, ಕಾಯಿಲ್, ಪಾಯಿಂಟ್ ಎಲ್ಲಾ ಸರಿ ಇದೆ ಅನ್ನಿ. ನಾನು ಹಾಕಿದ ವೈರು."

"ನೀವಿಬ್ರೂ ಸರಿ ಇದ್ದೀರಪ್ಪಾ," ಎಂದ ಅಣ್ಣ ಸೀಟಿನಿಂದ, "ಕಾರೇ ಸರಿ ಇಲ್ಲ. ಕಾರನ್ನ ಆಸ್ಪತ್ರೆಗೆ ಸೇರಿಸಿ ಅಂದ್ರೆ ನೀವು ಡಾಕ್ಟ್ರುಗಳು ನಿಮ್ಮ ಆರೋಗ್ಯ ಹೇಳ್ತಿದ್ದೀರಲ್ಲ!"

ನಗು ಬಂತು, ಯಾರೂ ನಗಲಿಲ್ಲ.

ಇಬ್ಬರೂ ತಮ್ಮ ತಮ್ಮ ಪಾಲನ್ನು ಮತ್ತೆ ಮೊದಲಿನಿಂದ ಜಾಲಾಡಿದರು. ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿ ಊದಿದ, ಪಂಪು ಬಿಚ್ಚಿ ನೋಡಿದ, ಪೆಟ್ರೋಲನ್ನು ಸೀಸೆಗೆ ಹಿಡಿದು ಬೆಳಕಿಗೆ ಎತ್ತಿ ನೀರು ಸೇರಿದೆಯೇ ಎಂದು ನೋಡಿದ. ಅಕ್ಕ ಕಿಡಿ ಹುಟ್ಟಿಸುವ ಪಾಯಿಂಟನ್ನು ಉಜ್ಜಿ ಅಳತೆ ಇಟ್ಟಳು. ವೈರುಗಳ ಸರದಿಯನ್ನು ಬೆರಳಿನಿಂದ ಹಿಂಬಾಲಿಸಿ ಬಾಯಲ್ಲೇ ಗುಣುಗುಣು ಹೇಳಿಕೊಂಡಳು. ಪೆಟ್ರೋಲಿನಲ್ಲಿ ತೊಯ್ದ ಪ್ಲಗ್ಗುಗಳನ್ನು ಒಳಗೆ ಒಯ್ದು ರೊಟ್ಟಿಯ ಹೆಂಚಿನ ಮೇಲೆ ಒಣಗಿಸಿ ತಂದಳು. ಮನೆಯೆಲ್ಲ ಪೆಟ್ರೋಲಿನ ವಾಸನೆ. ಎಲ್ಲ ಸರಿ, ಎಲ್ಲ ಚೊಕ್ಕ. ಬೀಗದ ಕೈ ತಿರುಗಿಸಿದರೆ ಗರಗರ, ಆಮೇಲೊಂದು ಸೀನು.

ತಳ್ಳಿ ನೋಡೋಣ ಎಂದರು. ನಾನು, ಮೇಸ್ತ್ರಿ, ಎದುರಿನ ಮನೆಯ ದರ್ಜಿ, ಅವನ ಭಾವಮೈದುನ, ಎಲ್ಲ ಸೇರಿ ಬೀದಿಯುದ್ದಕ್ಕೂ ತಳ್ಳಿದೆವು. ಅಣ್ಣ ಕ್ಲಚ್ ಬಿಟ್ಟ. ಢಮ್! ಸೈಲೆನ್ಸರಿನಿಂದ ಬಂದ ಸದ್ದಿಗೆ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ದರ್ಜಿ ಕೈಬಿಟ್ಟು ಚರಂಡಿಯ ಆಚೆಗೆ ಜಿಗಿದ. ಕಾರು ನಿಂತಲ್ಲೇ ನಿಂತಿತು.

"ಸಿಟ್ಟು ಬಂದಿದೆ ಕಾರಿಗೆ" ಎಂದ ದರ್ಜಿ, ದೂರದಿಂದಲೇ.

ವಾಪಸು ತಳ್ಳಿಕೊಂಡು ಬಂದೆವು. ಅಣ್ಣ ಬಾನೆಟ್ಟಿನೊಳಗೆ ಬಗ್ಗಿ, "ಎಲ್ಲಿಂದ ಸೀನುತ್ತೆ ನೋಡ್ತೀನಿ, ನೀನು ಸೆಲ್ಫ್ ಹೊಡಿ ಭಾವ" ಎಂದ. ಮೇಸ್ತ್ರಿ ಹೊಡೆದ. ಕಾರ್ಬುರೇಟರಿನ ಬಾಯಿಂದ ಒಂದು ಬೆಂಕಿಯ ನಾಲಿಗೆ ಹೊರಬಂದು ಒಳಗೆ ಹೋಯಿತು. ಅಣ್ಣ ಮುಖ ಹಿಂದಕ್ಕೆ ಎಳೆದುಕೊಂಡ. ಮೀಸೆಯ ಎಡಗಡೆಯ ತುದಿ ಸುರುಟಿ ಹೋಗಿತ್ತು. ಬೇರೆ ದಿನವಾಗಿದ್ದರೆ ಅವನು ಮೀಸೆಗಾಗಿ ಬೀದಿಯನ್ನೇ ತಲೆಯ ಮೇಲೆ ಹೊರುತ್ತಿದ್ದ. ಅಂದು ಗ್ಯಾರೇಜಿನ ಮೂಲೆಯ ಹಳೆಯ ಟೈರಿನ ಮೇಲೆ ಹೋಗಿ ಕುಳಿತ. ಇಸ್ತ್ರಿಯ ಅಂಗಿಗೆ ಎಣ್ಣೆ ಹತ್ತಿದ್ದು ಅವನ ಗಮನಕ್ಕೇ ಬರಲಿಲ್ಲ. 

"ಪುಟ್ಟಿ," ಎಂದ ಟೈರಿನ ಮೇಲಿಂದಲೇ. ತಂಗಿಯನ್ನು ಅವನು ಕರೆಯುವುದು ಹಾಗೆ. "ಆಗ್ಲಿಲ್ಲ ಅಂದ್ರೆ ಹೇಳ್ಬಿಡು. ಗಿರಣಿಯವರಿಗೆ ಬೆಳಿಗ್ಗೆ ಹೋಗಿ ಹೇಳಿ ಬರ್ತೀನಿ, ನಡ್ಕೊಂಡು. ಕಾಯಿಸೋದು ಬೇಡ."

ಅಕ್ಕ ಟೆಸ್ಟ್ ಲ್ಯಾಂಪಿನ ವೈರನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಳು.

ಮಧ್ಯಾಹ್ನ ಕಳೆದಿತ್ತು. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತಾಗಿ ಗರಗರ ಹೋಗಿ ಗ್ರ್ ಗ್ರ್ ಎನ್ನತೊಡಗಿತು. ಮೇಸ್ತ್ರಿ ಕಪ್ಪು ಚಿಂದಿಯಲ್ಲಿ ಕೈ ಒರೆಸಿಕೊಂಡು ಬಹಳ ಹೊತ್ತು ಇಂಜಿನ್ನನ್ನೇ ದಿಟ್ಟಿಸಿದ. ಆಮೇಲೆ ದೊಡ್ಡ ಸಾಕೆಟ್ ಸೆಟ್ಟನ್ನು ಎಳೆದುಕೊಂಡ.

"ಇನ್ನು ಉಳಿದಿರೋದು ಒಂದೇ. ಮುಂದಿನ ಕವರ್ ಒಳಗೆ ಇಂಜಿನ್ನಿನ ಸರದಿ ನಡೆಸೋ ಟೈಮಿಂಗ್ ಚೈನು. ನಾನೇ ಹಲ್ಲು ತಪ್ಪಿಸಿ ಕೂರಿಸಿರಬೇಕು. ರೇಡಿಯೇಟರ್ ಇಳಿಸ್ತೀನಿ, ಕವರ್ ಬಿಚ್ತೀನಿ."

"ಬಿಚ್ಚಿ ಕಟ್ಟೋದು ಎಷ್ಟು ಹೊತ್ತಾಗತ್ತೆ?" ಎಂದು ನಾನು ಕೇಳಿದೆ.

"ನಾಳೆ ಸಂಜೆ ಆಗತ್ತೆ ಮಾವ." ನೆಲ ನೋಡಿಕೊಂಡು ಹೇಳಿದ. ಭಾವನ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ. ಬಾಯಿ ಎಷ್ಟು ಹರಿತವಾದರೂ ಭಾವನ ಕೆಲಸ ಹಾಳಾಗಲಿ ಎಂದು ಬಯಸುವವನಲ್ಲ ಮೇಸ್ತ್ರಿ. 

ಮೊದಲ ಬೋಲ್ಟಿಗೆ ಸಾಕೆಟ್ ಕೂರಿಸಿದ. ಆಗ ಅಕ್ಕ ಮಾತಾಡಿದಳು. ನನ್ನ ಮೂಲಕ ಅಲ್ಲ, ನೇರ.

"ತಡೀರಿ."

ಅವನು ತಿರುಗಿ ನೋಡಿದ. ಇಷ್ಟು ದಿನದ ಮೇಲೆ ಬಂದ ಮಾತಲ್ಲವೇ, ನಂಬಲಾರದವನಂತೆ ಸಾಕೆಟ್ ಹಿಡಿದೇ ನಿಂತ.

"ಕಿಡಿ ಇದೆ, ಪೆಟ್ರೋಲ್ ಇದೆ, ಕಂಪ್ರೆಷನ್ ಇದೆ. ಎಲ್ಲಾ ಇದ್ದೂ ಮೇಲಿಂದ ಸೀನುತ್ತೆ ಅಂದ್ರೆ, ಕಿಡಿ ಬೀಳೋ ಹೊತ್ತಿಗೆ ಒಳಗಿನ ಬಾಗಿಲು ತೆರೆದೇ ಇದೆ. ಬಸ್ಸು ಹೋದ್ಮೇಲೆ ನಿಲ್ದಾಣಕ್ಕೆ ಬರ್ತಿದೆ ನನ್ನ ಕಿಡಿ. ಸ್ವಲ್ಪ ಹೆಚ್ಚು ಕಮ್ಮಿ ಅಲ್ಲ, ಪೂರಾ ಒಂದು ಸುತ್ತು ತಪ್ಪು."

"ಹೇಗೆ ತಪ್ಪುತ್ತೆ? ನಾನು ಬೆರಳಿಟ್ಟು ನೋಡಿ, ಚಕ್ರದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಬಿಟ್ಟಿದ್ದೆ ನಿನಗೆ."

"ನೋಡ್ದೆ. ಗೆರೆ ಸರಿಯಾಗಿತ್ತು, ಅದನ್ನ ನೋಡ್ಕೊಂಡೇ ಡಬ್ಬಿ ಇಳಿಸ್ದೆ." ಡಬ್ಬಿಯ ಕಡೆ ಬಗ್ಗಿದಳು. "ಗೆರೆ ಎಳೆದ್ಮೇಲೆ ನೀವು ಇಂಜಿನ್ ತಿರುಗಿಸಿದ್ರಾ?"

"ಇಲ್ಲ." ಹೇಳಿದವನು ಅಲ್ಲೇ ತಡವರಿಸಿದ. "ಒಳಗಿನ ಬಾಗಿಲುಗಳ ಟ್ಯಾಪೆಟ್ ಸಂದು ಇಡೋದು ಮರೆತಿದ್ದೆ. ಅದನ್ನ ಇಟ್ಟೆ."

"ಯಾವಾಗ?"

"ನೀನು ಒಳಗೆ ಊಟಕ್ಕೆ ಹೋಗಿದ್ದಾಗ."

"ಅದಕ್ಕೆ ಇಂಜಿನ್ ತಿರುಗಿಸಿದ್ರಿ."

"ಒಂದು ಸುತ್ತು. ಗೆರೆ ಮತ್ತೆ ಗೆರೆಗೇ ಬಂದು ನಿಂತಿತ್ತಲ್ಲ." ಮಾತು ಬಾಯಿಂದ ಹೊರಬೀಳುತ್ತಿದ್ದ ಹಾಗೇ ಅವನ ಮುಖ ಬಣ್ಣಗೆಟ್ಟಿತು. "ಅಷ್ಟೊತ್ತಿಗೆ ನೀನು ಡಬ್ಬಿ ಇಳಿಸಿ ಆಗಿದೆ ಅಂತ ನಾನು... ಅಲ್ಲಿ ನಿನ್ನ ಹಳದಿ ಚಿಂದಿ ಮುಚ್ಚಿತ್ತು."

"ಧೂಳು ಬೀಳ್ಬಾರ್ದು ಅಂತ ಬರೀ ತೂತಿಗೆ ಮುಚ್ಚಿದ್ದೆ ಕಣ್ರೀ. ಊಟ ಆದ್ಮೇಲೆ ಬಂದು ಗೆರೆ ನೋಡಿ ಇಳಿಸ್ದೆ, ಹೊಗೆ ತಳ್ಳೋ ಸರದಿಗೆ."

"ಎತ್ತಿ ನೋಡಬಹುದಿತ್ತು ನಾನು" ಎಂದ ಮೇಸ್ತ್ರಿ.

"ಹೂಂ. ಎತ್ತಿ ನೋಡಬಹುದಿತ್ತು."

"ನೀನೇ ತಾನೇ ಎತ್ತಬಾರದು ಅಂದಿದ್ದು!"

"ಎತ್ತೋದು ಬೇಡ, ಕೂಗಬಹುದಿತ್ತಲ್ಲ? ಹೆಂಡತಿ ಮೇಲೆ ಮುನಿಸು, ಸರಿ. ಒಂದನೇ ಪಿಸ್ಟನ್ ಮೇಲೂ ಮುನಿಸಾ?"

"ಕೂಗಿದ್ರೆ ಬರ್ತಿದ್ಯಾ ನೀನು?"

 ನಿಜ ಹೇಳಬೇಕೆಂದರೆ ಅವಳು ಬರುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಟೈರಿನ ಮೇಲಿದ್ದ ಅಣ್ಣ ಎದ್ದು ನಿಂತ. "ಅಲ್ಲಾ, ಏನಾಯ್ತು ಅಂತ ನನಗೆ ಅರ್ಥ ಆಗೋ ಭಾಷೆಲಿ ಹೇಳ್ತೀರಾ? ಇಂಜಿನ್ ಸರಿ ಇದ್ಯಾ, ಇಲ್ವಾ?"

"ಇಂಜಿನ್ ಸರಿ ಇದೆ" ಎಂದಳು ಅಕ್ಕ.

"ವೈರೂ ಸರಿ ಇದೆ" ಎಂದ ಮೇಸ್ತ್ರಿ.

"ಹಾಗಿದ್ರೆ ಕೆಟ್ಟಿರೋದು ನೀವಿಬ್ರು!" ಎಂದ ಅಣ್ಣ. ಬೆಳಗಿನಿಂದ ಮೊದಲ ಬಾರಿಗೆ ಅವನ ಧ್ವನಿಯಲ್ಲಿ ಹಳೆಯ ಗತ್ತು ಬಂತು.

ಸಾಕೆಟ್ಟು ಬದಿಗೆ ಹೋಯಿತು. ಮೇಸ್ತ್ರಿ ಒಂದನೇ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿದ. ನಾನು ಇಂಜಿನ್ನಿನ ಮುಂದಿನ ಚಕ್ರದ ನಟ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿದೆ.  ಪಿಸ್ ಎಂದು ಗಾಳಿ ಅವನ ಬೆರಳಿನ ಬದಿಯಿಂದ ನುಗ್ಗಿತು. ಗೆರೆ ಬಂದು ಗೆರೆಗೆ ಕೂತಿತು. ಅಕ್ಕ ನಿಂತದ್ದು ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಆದರೂ ಅವನು ಗಂಟಲು ಸರಿಮಾಡಿಕೊಂಡು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ.

"ಒಂದು ಮೇಲೆ!"

"ಬಂದೆ!" ಎಂದಳು ಅವಳೂ ಅಷ್ಟೇ ಜೋರಾಗಿ. ಎದುರು ಮನೆಯ ದರ್ಜಿಯ ಮಿಷನ್ನು ಸದ್ದು ನಿಲ್ಲಿಸಿತು.

ಅಕ್ಕ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಕಿಡಿ ಹಂಚುತ್ತ ತಿರುಗುವ ಮುಳ್ಳು ಒಂದನೇ ವೈರನ್ನು ತೋರಿಸಬೇಕಾಗಿತ್ತು. ಅದಕ್ಕೆ ಬೆನ್ನು ಮಾಡಿ ನಾಲ್ಕನೆಯದನ್ನು ತೋರಿಸುತ್ತ ನಿಂತಿತ್ತು, ಥೇಟ್ ಕಳೆದ ನಾಲ್ಕಾರು ದಿನ ಇವರಿಬ್ಬರು ನಿಂತ ಹಾಗೆ.

"ವೈರುಗಳನ್ನೇ ಅದಲು ಬದಲು ಮಾಡಿದ್ರೂ ಹೊತ್ಕೊಳತ್ತೆ ಅಲ್ವಾ?" ಎಂದೆ ನಾನು. ನನಗೂ ಒಂದಿಷ್ಟು ಗೊತ್ತು.

"ಹೊತ್ಕೊಳತ್ತೆ ಮಾವ. ಆದ್ರೆ ನಾಳೆ ಇನ್ಯಾರೋ ಬಾನೆಟ್ ಎತ್ತಿ ದಾರಿ ತಪ್ತಾರೆ. ಇದ್ದದ್ದು ಇದ್ದ ಹಾಗೇ ಇರ್ಲಿ." ಬೋಲ್ಟ್ ಸಡಿಲಿಸಿ ಡಬ್ಬಿಯನ್ನು ಮೇಲಕ್ಕೆ ಎಳೆದಳು. ಮುಳ್ಳನ್ನು ಅರ್ಧ ಸುತ್ತು ತಿರುಗಿಸಿ, ಹಲ್ಲಿಗೆ ಹಲ್ಲು ಕೂಡುವ ತನಕ ಅಲುಗಾಡಿಸಿ, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿದಳು. ಮೇಸ್ತ್ರಿ ಏನೂ ಕೇಳದೆ ಬೋಲ್ಟ್ ಎತ್ತಿ ಕೊಟ್ಟ. ಅವಳು ಏನೂ ಹೇಳದೆ ತೆಗೆದುಕೊಂಡಳು.

ನನ್ನ ಸಾಮಾನು ಗಾಡಿಯ ಬ್ಯಾಟರಿಯನ್ನು ಬಿಚ್ಚಿ ತಂದು ಕಾರಿಗೆ ಕೊಟ್ಟೆವು. ಅಣ್ಣ ಸೀಟಿನಲ್ಲಿ ಕುಳಿತ. ಕೈ ಬೀಗದ ಕೈಯ ಮೇಲಿತ್ತು, ತಿರುಗಿಸಲಿಲ್ಲ.

"ಹೊಡಿ ಭಾವ" ಎಂದ ಮೇಸ್ತ್ರಿ.

"ಭಯ ಆಗತ್ತೆ ಭಾವ. ಪುಟ್ಟಿ, ನೀನೇ ಬಾ."

"ನನಗೆ ಓಡಿಸಕ್ಕೆ ಬರಲ್ಲ ಅಣ್ಣ."

"ಓಡಿಸ್ಬೇಡ ಮಾರಾಯ್ತಿ, ತಿರುಗಿಸು!"

ಅಕ್ಕ ಕಿಟಕಿಯೊಳಗೆ ಕೈ ತೂರಿಸಿ ಬೀಗದ ಕೈ ತಿರುಗಿಸಿದಳು. ಸೆಲ್ಫ್ ಪೂರ್ತಿ ಒಂದು ಉಸಿರು ಎಳೆಯುವ ಮೊದಲೇ ಇಂಜಿನ್ ಹೊತ್ತಿಕೊಂಡಿತು. ಸೀನಿಲ್ಲ, ಕೆಮ್ಮಿಲ್ಲ. ಮೊದಲು ಸ್ವಲ್ಪ ಏರುಪೇರಾಗಿ, ಆಮೇಲೆ ಮೈ ಬಿಸಿಯಾದ ಹಾಗೆಲ್ಲ ಒಂದೇ ಸಮನೆ. ಮೇಸ್ತ್ರಿ ಬಾನೆಟ್ಟಿನ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿ ಕೇಳಿಸಿಕೊಂಡ. ಅವನ ಭುಜ ಇಳಿದದ್ದು ನನಗೆ ಕಾಣಿಸಿತು. ಅಣ್ಣ ಸ್ಟಿಯರಿಂಗಿಗೆ ಹಣೆ ಇಟ್ಟ. ಹಣೆ ಒತ್ತಿ ಹಾರ್ನ್ ಕೂಗಿತು, ಎಲ್ಲರೂ ಬೆಚ್ಚಿದೆವು, ಆಮೇಲೆ ಅವನೂ ಸೇರಿ ಎಲ್ಲರೂ ನಕ್ಕೆವು. ನಗು ನಿಲ್ಲಿಸಲು ಆಗಲೇ ಇಲ್ಲ. ದರ್ಜಿ ಓಡಿ ಬಂದು ಏನೆಂದು ತಿಳಿಯದೆಯೇ ನಕ್ಕ.

"ಭಾವ," ಎಂದ ಮೇಸ್ತ್ರಿ, ನಗು ಇಳಿದ ಮೇಲೆ, ಇಂಜಿನ್ನಿನ ಕಡೆ ನೋಡುತ್ತ. "ನೀರಿನ ಮೀಟರ್ ಮೇಲೆ ಒಂದು ಕಣ್ಣಿಡು. ಇನ್ನೇನೂ ಕೇಳಲ್ಲ ನಿನ್ನ."

"ಇಡ್ತೀನಿ ಭಾವ. ಎರಡೂ ಕಣ್ಣು ಇಡ್ತೀನಿ, ರಸ್ತೆ ನೀನು ನೋಡ್ಕೋ."

"ನಮ್ಮ ವಂಶಕ್ಕೆ ಕಣ್ಣಿಲ್ವಲ್ಲ" ಎಂದಳು ಅಕ್ಕ, ಹಳದಿ ಚಿಂದಿ ಮಡಚುತ್ತ. ಅದರಲ್ಲಿ ಈಗ ಖಾರವಿರಲಿಲ್ಲ.

ಮೇಸ್ತ್ರಿ ತಲೆ ಕೆರೆದುಕೊಂಡ. "ನಿಮ್ಮಪ್ಪನವ್ರ ಬ್ಯಾಟರಿ ಅಂಗಡಿ ಇಲ್ದೆ ಹೋಗಿದ್ರೆ ಈ ಕಾರು ಇವತ್ತು ರಿಪೇರಿ ಆಗ್ತಿರಲಿಲ್ಲ" ಎಂದ. ಅವನ ಬಾಯಿಂದ ಕ್ಷಮೆ ಎಂಬ ಪದ ಬಂದದ್ದನ್ನು ನಾನು ಎಂದೂ ಕೇಳಿಲ್ಲ. ಇದು ಅದೇ, ಬೇರೆ ಅಂಗಿ ತೊಟ್ಟುಕೊಂಡು ಬಂದದ್ದು. ಅಕ್ಕನಿಗೆ ಅದು ತಿಳಿಯಿತು. "ಊಟ ಆರಿ ಹೋಗಿದೆ, ಬಿಸಿ ಮಾಡ್ತೀನಿ, ಕೈ ತೊಳ್ಕೊಂಡು ಬನ್ನಿ ಇಬ್ರೂ" ಎಂದು ಒಳಗೆ ಹೋದಳು. ನನ್ನನ್ನೂ ಕರೆದಳು. ಪೆಟ್ರೋಲ್ ವಾಸನೆಯ ರೊಟ್ಟಿ ಹೊಟ್ಟೆ ತುಂಬ ತಿಂದು ಬಂದೆ.

ಸೋಮವಾರ ಬೆಳಿಗ್ಗೆ ಅಣ್ಣ ಗಿರಣಿಗೆ ಹೋದ. ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಕುಳಿತೆವು, ಯಾರಿಗೂ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ನಾನು ಒಂದು ಕಬ್ಬಿಣದ ಸರಳನ್ನು ತಪ್ಪಾಗಿ ಕತ್ತರಿಸಿ ಹಾಳು ಮಾಡಿದೆ. ಅಕ್ಕ ಒಂದು ಬೆಸುಗೆಯನ್ನು ಬಿಚ್ಚಿ ಮತ್ತೆ ಹಾಕಿದಳು. ಮೇಸ್ತ್ರಿ ಆಗಾಗ ಬಾಗಿಲಿಗೆ ಬಂದು ಬೀದಿಯ ತುದಿ ನೋಡಿ ಒಳಗೆ ಹೋಗುತ್ತಿದ್ದ. ಆಮೇಲೆ ಕಾರು ಬಂತು. ಒಳಗೆ ತುಂಬ ಜನ, ಮುಂದೆ ಒಬ್ಬ ಕನ್ನಡಕದವರು, ಹಿಂದೆ ಚೀಲ ಹಿಡಿದ ಹೆಂಗಸರು. ಅಣ್ಣ ನಿಲ್ಲಿಸಲಿಲ್ಲ. ಕೆಲಸದ ಮೇಲಿದ್ದವನು ಸಂಬಂಧಿಕರ ಮನೆಯ ಮುಂದೆ ನಿಲ್ಲಿಸುತ್ತಾನೆಯೇ? ಹಾರ್ನೂ ಹೊಡೆಯಲಿಲ್ಲ. ತುದಿ ಉಳಿದಿದ್ದ ಒಂದು ಬದಿಯ ಮೀಸೆಯನ್ನು ತಿರುವಿ, ಎದುರಿಗೇ ನೋಡುತ್ತ, ಮೆಲ್ಲಗೆ ಸಾಗಿಹೋದ. ಇಂಜಿನ್ ಸದ್ದು ತಿರುವಿನಾಚೆ ಅಡಗುವ ತನಕ ಮೂವರೂ ಹಾಗೇ ನಿಂತಿದ್ದೆವು.

ಅಕ್ಕ ಕೈಯಲ್ಲಿದ್ದ ಕತ್ತರಿಯನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಏನಾಯಿತೋ ಎಂದು ನಾನು ಅಡುಗೆಮನೆಯ ಕಿಟಕಿಯಿಂದ ಇಣುಕಿದೆ. ಬರಿಯ ನೆಲದ ಮೇಲೆ ಒಂದು ತೋಳನ್ನು ತಲೆಗೆ ಇಟ್ಟುಕೊಂಡು, ಖಾಕಿ ಅಂಗಿಯನ್ನೂ ತೆಗೆಯದೆ, ಗೊರಕೆ ಹೊಡೆಯುತ್ತ ಮಲಗಿದ್ದಳು. ಎಷ್ಟು ದಿನದ ನಿದ್ದೆಯೋ ಏನೋ.

ಅಷ್ಟರಲ್ಲಿ ಯಾರೋ ಬಂದು ಬಾಗಿದ ಬಂಪರ್ ತೋರಿಸಿ ಇದನ್ನು ಈಗಲೇ ಬಡಿದು ನೆಟ್ಟಗೆ ಮಾಡಿ ಕೊಡಿ ಎಂದರು. ಮೇಸ್ತ್ರಿ ಸುತ್ತಿಗೆ ಎತ್ತಿದ. ಕಿಟಕಿಯ ಕಡೆ ಒಮ್ಮೆ ನೋಡಿದ. ಸುತ್ತಿಗೆಯನ್ನು ಸದ್ದಾಗದ ಹಾಗೆ ಚಿಂದಿಯ ಮೇಲೆ ಇಟ್ಟು, "ಸಂಜೆ ಬನ್ನಿ" ಎಂದು ಪಿಸುಮಾತಿನಲ್ಲಿ ಹೇಳಿ ಕಳಿಸಿದ.